ಶನಿವಾರ ಮೂರು ಗಂಟೆಯ ರಿಪೇರಿ

ನನ್ನ ಭಾವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿಯ ಮೆಷಿನ್‌ಗಳು. ಸ್ಕ್ರೂ ಹಾಕಿ ಮುಚ್ಚಿದವು, ಅಂಟು ಹಾಕಿ ಮುಚ್ಚಿದವು. ಸ್ಕ್ರೂ ಹಾಕಿದವನು, ತಾನು ಮಾಡಿದ್ದು ನಾಳೆ ಕೆಡಬಹುದು ಎಂದು ಒಪ್ಪಿಕೊಂಡ ಮರ್ಯಾದಸ್ಥ. ಅಂಟು ಹಾಕಿದವನು ಕಳ್ಳ. ಮದುವೆಯಾದ ಹೊಸದರಲ್ಲಿ ನಾನು ಆಸೆಪಟ್ಟು ತಂದಿದ್ದ ಫೋನನ್ನು ಅವರು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿ ಇದನ್ನು ಹೇಳಿದ್ದರು. ಆಮೇಲೆ ಆ ಫೋನ್ ಹಿಡಿದಾಗಲೆಲ್ಲ ನನಗೆ ಕದ್ದ ಮಾಲು ಹಿಡಿದ ಹಾಗೆ ಆಗುತ್ತಿತ್ತು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಕೆಲಸ, ಇಪ್ಪತ್ತಾರು ವರ್ಷದಿಂದ. ಮುಂದುಗಡೆ ಗಿರಾಕಿಗಳು ಕನ್ನಡಿಯಲ್ಲಿ ಮುಖ ನೋಡಿಕೊಂಡು ಫ್ರೇಮ್ ಆರಿಸುತ್ತಿರುತ್ತಾರೆ. ಹಿಂದುಗಡೆ ಇವರು ನೀರು ಜಿನುಗುವ ಸಾಣೆಯ ಚಕ್ರದ ಮುಂದೆ ಕೂತಿರುತ್ತಾರೆ. ಗೋಡೆಯ ಕಿಂಡಿಯಿಂದ ಚೀಟಿ ಒಳಗೆ ಬರುತ್ತದೆ, ಅದೇ ಕಿಂಡಿಯಿಂದ ಗಾಜು ಹೊರಗೆ ಹೋಗುತ್ತದೆ. ಆ ಗಾಜಿನಿಂದ ಲೋಕ ನೋಡುವ ಸಾವಿರಾರು ಜನರಲ್ಲಿ ಒಬ್ಬರೂ ಇವರ ಮುಖ ನೋಡಿದವರಲ್ಲ. ತಂದೆ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಓದಿಸಿ, ಮದುವೆ ಮಾಡಿ, ಒಂದು ನಿಟ್ಟುಸಿರು ಬಿಟ್ಟು ತಿರುಗಿ ನೋಡುವಷ್ಟರಲ್ಲಿ ಇವರ ಮದುವೆಯ ವಯಸ್ಸು ಕೈಬಿಟ್ಟು ಹೋಗಿತ್ತು. ಯಾರಾದರೂ ಆ ಮಾತೆತ್ತಿದರೆ, "ವಾಪಸ್ ಕೊಡೋಕೆ ಆಗದೇ ಇರೋ ಸಾಮಾನು ನಾನು ತಗೊಳ್ಳಲ್ಲ" ಎಂದು ನಗಿಸಿ ಜಾರಿಕೊಳ್ಳುತ್ತಿದ್ದರು.

ಮನೆಗೆ ಬೇಕಾದ ಎಲೆಕ್ಟ್ರಾನಿಕ್ ಸಾಮಾನುಗಳ ಬಗ್ಗೆ ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಅಂಗಡಿಯಲ್ಲಿ ಟಿವಿ ನೋಡುವಾಗ ಅಲ್ಲಿಯವರು ತೋರಿಸುವ ಹೂವು, ಜಲಪಾತಕ್ಕೆ ಮರುಳಾಗಬಾರದು. ವಾರ್ತೆ ಹಾಕಿಸಬೇಕು. ಓದುವವಳ ಕಪ್ಪು ಕೂದಲು ಎಳೆ ಎಳೆಯಾಗಿ ಕಂಡರೆ ತೆಗೆದುಕೊಳ್ಳಬಹುದು. ಕಂಪ್ಯೂಟರ್ ಇರಬೇಕಾದ್ದು ನಡುಮನೆಯಲ್ಲಿ, ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಲ್ಯಾಪ್‌ಟಾಪ್ ಎಂದರೆ ಸಾಕು, "ತೊಡೆ ಮೇಲೆ ಕೂರಿಸ್ಕೊಳ್ಳೋಕೆ ಅದೇನು ಕೂಸಾ?" ಹಾಲು ಮುಗಿಯಿತು ಎಂದು ಹೇಳುವ ಫ್ರಿಜ್ ಬಂದಿದೆಯಂತೆ ಎಂದು ನನ್ನ ಮಗಳು ಹೇಳಿದಾಗ, "ಬಾಗಿಲು ತೆಗೆದು ನೋಡೋಕೆ ನಿಮ್ಮಪ್ಪನಿಗೆ ಕೈಯಿಲ್ವಾ?" ಎಂದು ನನ್ನನ್ನು ಎಳೆದು ತಂದಿದ್ದರು. ಫೋಟೋ, ಕಾಗದಪತ್ರ ಏನೇ ಇರಲಿ, ಎರಡು ಪ್ರತಿ ಬೇಕು, ಅದರಲ್ಲೊಂದು ಬೇರೆ ಸೂರಿನ ಕೆಳಗಿರಬೇಕು. ಹಾಗಾಗಿ ನಮ್ಮ ಫೋಟೋಗಳ ಪ್ರತಿ ಅವರ ಮನೆಯಲ್ಲಿತ್ತು, ಅವರ ಫೋಟೋಗಳ ಪ್ರತಿ ನಮ್ಮಲ್ಲಿತ್ತು. ಅವರದ್ದರಲ್ಲಿ ಇದ್ದದ್ದೂ ನಮ್ಮ ಮನೆಯವರ ಫೋಟೋಗಳೇ.

ಇವೆಲ್ಲಕ್ಕಿಂತ ಮೇಲಿನದೊಂದು ನಿಯಮವಿತ್ತು. ಅದನ್ನು ಅವರು ಬೆರಳೆತ್ತಿ ಹೇಳುತ್ತಿದ್ದರು. "ಮನೆ ಮೆಷಿನ್ ಅಂದ್ರೆ, ಮನೇಲಿ ಎಲ್ಲರಿಗಿಂತ ಕಡಿಮೆ ತಿಳಿದೋರು ಯಾರನ್ನೂ ಕರೀದೆ ನಡೆಸೋ ಹಾಗಿರ್ಬೇಕು. ಅದರಲ್ಲಿ ಗುಟ್ಟು ಇರಬಾರದು." ಹಾಗೆ ಹೇಳುವಾಗ ಅವರ ಕಣ್ಣು ನನ್ನ ಮೇಲಿರುತ್ತಿತ್ತು. ಎಲ್ಲರಿಗಿಂತ ಕಡಿಮೆ ತಿಳಿದವನು ನಾನೇ ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನನಗೆ ಗೊತ್ತಿರುವುದು ಕ್ಲಚ್ಚು, ಬ್ರೇಕು ಮತ್ತು ಬಾಯಿ ಜೋರು ಮಾಡುವುದು.

ಐದು ವರ್ಷದ ಹಿಂದೆ ನಮ್ಮ ಮನೆಗೆ ಎಲ್ಲವನ್ನೂ ಜೋಡಿಸಿಕೊಟ್ಟವರು ಅವರೇ. ನನ್ನ ಹೆಂಡತಿ ಮನೆಯಲ್ಲೇ ಕೂತು ಪ್ರಕಾಶಕರೊಬ್ಬರಿಗೆ ಹಸ್ತಪ್ರತಿಗಳನ್ನು ಟೈಪ್ ಮಾಡಿಕೊಡುತ್ತಾಳೆ. ಅವಳಿಗೊಂದು ಕಂಪ್ಯೂಟರ್, ಪ್ರಿಂಟರ್, ಟಿವಿ, ಇಂಟರ್ನೆಟ್ಟಿನ ಡಬ್ಬಿ. ಇವೆಲ್ಲದರ ಯಜಮಾನನ ಹಾಗೆ, ಎಲ್ಲವನ್ನೂ ಹಿಡಿದು ನಡೆಸಲು, ಟಿವಿಯ ಕೆಳಗೊಂದು ಚಿಕ್ಕ ಕಪ್ಪು ಪೆಟ್ಟಿಗೆ. ಅದನ್ನು ಭಾವ ತಾವೇ ಬಿಡಿಭಾಗ ತಂದು ಕಟ್ಟಿದ್ದು. ಸ್ಕ್ರೂ ಹಾಕಿದ್ದು ಎಂದು ಬೇರೆ ಹೇಳಬೇಕಿಲ್ಲ.

ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಆದರೆ ತಿಂಗಳಿಗೆ ಎರಡು ಸಲ ಏನಾದರೊಂದು ಕೈಕೊಡುತ್ತಿತ್ತು. ಒಮ್ಮೆ ಪ್ರಿಂಟರ್ ಮುಷ್ಕರ ಹೂಡಿದರೆ ಇನ್ನೊಮ್ಮೆ ಇಂಟರ್ನೆಟ್ ಮಾಯ. ಹೆಂಡತಿ ಫೋನ್ ಮಾಡುತ್ತಿದ್ದಳು. "ಅಣ್ಣಾ, ಮತ್ತೆ ನಿಂತೋಯ್ತು ಕಣೋ." ಅರ್ಧ ಗಂಟೆಯಲ್ಲಿ ಸ್ಕೂಟರ್ ಬಂದು ನಿಲ್ಲುತ್ತಿತ್ತು. ಹೆಗಲಿಗೆ ಬೂದು ಬಣ್ಣದ ಚೀಲ, ಇಸ್ತ್ರಿ ಮಾಡಿದ ಅಂಗಿ. ಬಂದವರು ಮೊದಲು ಚಹಾ ಕುಡಿದು, ಮಗಳ ಶಾಲೆಯ ಕಥೆ ಕೇಳಿ, ಆಮೇಲೆ ನಿಧಾನವಾಗಿ ಚೀಲ ಬಿಚ್ಚುತ್ತಿದ್ದರು. ರಿಪೇರಿಗೆ ಹಿಡಿಯುತ್ತಿದ್ದದ್ದು ನಾಲ್ಕು ನಿಮಿಷ. ಊಟ ಮುಗಿಸಿ ಹೊರಡುವಷ್ಟರಲ್ಲಿ ಒಂಬತ್ತಾಗಿರುತ್ತಿತ್ತು. ಅಂಗಡಿಗೆ ಶನಿವಾರ ಅರ್ಧ ದಿನ ರಜ. ಕೆಡುತ್ತಿದ್ದದ್ದೂ ಶನಿವಾರವೇ. ನನ್ನ ತಲೆಗೆ ಇದು ಹೊಳೆಯಲೇ ಇಲ್ಲ. ಎಲ್ಲರಿಗಿಂತ ಕಡಿಮೆ ತಿಳಿದವನು ಎಂದೆನಲ್ಲ.

ಒಂದು ಶನಿವಾರ ಕ್ರಿಕೆಟ್ ಫೈನಲ್. ನಾನು ಪಾಠ ರದ್ದು ಮಾಡಿ ಟಿವಿ ಮುಂದೆ ಕೂತಿದ್ದೆ. ಇನ್ನೇನು ಗೆಲುವೋ ಸೋಲೋ ಎನ್ನುವಾಗ, ಸರಿಯಾಗಿ ಮೂರು ಗಂಟೆಗೆ, ಪರದೆ ನೀಲಿಯಾಗಿ ಕೂತುಬಿಟ್ಟಿತು. ಭಾವ ಬಂದು, ಚಹಾ ಕುಡಿದು, ಅದನ್ನು ಸರಿ ಮಾಡುವ ಹೊತ್ತಿಗೆ ಯಾರೋ ಕಪ್ ಎತ್ತಿಕೊಂಡು ಮೈದಾನ ಸುತ್ತುತ್ತಿದ್ದರು. ಇವರು ಅದನ್ನೇ ನೋಡಿ, "ಯಾರು ಗೆದ್ರು ಮೇಷ್ಟ್ರೇ?" ಎಂದು ಕೇಳಿದರು. ನಾನು ರಿಮೋಟ್ ಎತ್ತಿ ಟಿವಿ ಆರಿಸಿದೆ.

ಸೋಮವಾರ ಹೆಂಡತಿ ಪ್ರಕಾಶಕರ ಕಚೇರಿಗೆ ಹೋದ ಸಮಯ ನೋಡಿ, ಇಂಟರ್ನೆಟ್ ಕಂಪನಿಯವರನ್ನು ಕರೆಸಿದೆ. ಒಬ್ಬ ಹೆಂಗಸು ಬಂದಳು, ಚುರುಕಿನವಳು. ಒಂದೊಂದೇ ತಂತಿ ಹಿಡಿದು ನೋಡುತ್ತಾ ಆ ಕಪ್ಪು ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ಅದರ ಪಾಸ್‌ವರ್ಡ್ ಬರೆದ ಚೀಟಿ ಪೆಟ್ಟಿಗೆಯ ಅಡಿಯಲ್ಲೇ ಅಂಟಿಸಿತ್ತು. ಗುಟ್ಟು ಇರಬಾರದಲ್ಲ. ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು.

"ಸರ್, ಇಲ್ಲಿ ಏನೂ ಕೆಟ್ಟಿಲ್ಲ. ಯಾವತ್ತು ಯಾವುದು ನಿಲ್ಲಬೇಕು ಅಂತ ಪಟ್ಟಿ ಮಾಡಿ ಇಟ್ಟಿದ್ದಾರೆ. ಆ ಹೊತ್ತಿಗೆ ತಾನೇ ನಿಲ್ಲುತ್ತೆ. ಮುಂದಿನ ವರ್ಷ ಡಿಸೆಂಬರ್ ತನಕ ಇದೆ ನೋಡಿ."

ನೋಡಿದೆ. ಯಾರು ಓದಿದರೂ ತಿಳಿಯುವ ಹಾಗೆ ಅಚ್ಚ ಕನ್ನಡದಲ್ಲಿ ಬರೆದಿದ್ದರು. ಎರಡನೇ ಶನಿವಾರ, ಮೂರು ಗಂಟೆ, ಪ್ರಿಂಟರ್. ನಾಲ್ಕನೇ ಶನಿವಾರ, ಮೂರು ಗಂಟೆ, ಟಿವಿ. ನಡುನಡುವೆ ಕೆಲವು ದಿನ ಹೊಡೆದುಹಾಕಿ ಪಕ್ಕದಲ್ಲಿ ಕಾರಣ ಬರೆದಿತ್ತು. "ಮಗುವಿಗೆ ಪರೀಕ್ಷೆ, ಬೇಡ." "ತಂಗಿ ಪುಸ್ತಕ ಒಪ್ಪಿಸುವ ವಾರ, ಬೇಡ." ಹೋದ ವರ್ಷ ನನಗೆ ಆಪರೇಷನ್ ಆದ ತಿಂಗಳಿನ ಎದುರಿಗೆ, "ಮೇಷ್ಟ್ರು ಮನೆಯಲ್ಲೇ ಮಲಗಿದ್ದಾರೆ, ಬೇಡ. ನೋಡಲು ಹಾಗೇ ಹೋಗಬಹುದು."

ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ಕಲಿಯುವವರ ಪಕ್ಕ ಕೂತು ನನ್ನ ಕಾಲಡಿಯ ಬ್ರೇಕ್ ಒತ್ತುವವನೇ, ಆದರೆ ಹೇಳಿ ಒತ್ತುತ್ತೇನೆ. ಐದು ವರ್ಷ ನಮ್ಮನ್ನು ಮಂಗ ಮಾಡಿದರಲ್ಲ ಎನಿಸಿತು.

"ಅಳಿಸಿಬಿಡಿ" ಎಂದೆ.

"ಇಡೀ ಪಟ್ಟೀನಾ ಸರ್?"

"ಒಂದು ಸಾಲೂ ಉಳೀಬಾರದು."

ಹೆಂಡತಿಗೆ ಹೇಳಲಿಲ್ಲ. ಭಾವ ಬಂದಾಗ ಅವಳೆದುರಿಗೇ ಬಾಯಿ ಬಿಡಿಸೋಣ ಎಂದುಕೊಂಡಿದ್ದೆ. ಆದರೆ ಭಾವ ಬರಲಿಲ್ಲ. ಏನೂ ಕೆಡಲಿಲ್ಲವಾದ್ದರಿಂದ ಇವಳು ಕರೆಯಲಿಲ್ಲ, ಇವಳು ಕರೆಯಲಿಲ್ಲವಾದ್ದರಿಂದ ಅವರು ಬರಲಿಲ್ಲ. ಒಂದು ಶನಿವಾರ ಹೋಯಿತು, ಎರಡು ಹೋಯಿತು. ನಾಲ್ಕನೇ ವಾರದಲ್ಲಿ ಹೆಂಡತಿ ತಾನಾಗಿ ಫೋನ್ ಮಾಡಿದಳು. "ಅಣ್ಣಾ, ಈಗ ಒಂದೂ ಕೆಡ್ತಿಲ್ಲ ಗೊತ್ತಾ? ಅಂತೂ ನೀನು ಜೋಡಿಸಿದ್ದು ಹದಕ್ಕೆ ಬಂತು. ಪಾಪ, ಎಷ್ಟು ಓಡಾಡಿಸಿಬಿಟ್ಟೆ ನಿನ್ನ. ಇನ್ನು ನೀನು ಶನಿವಾರ ಆರಾಮಾಗಿ ಮಲಗು." ಅಣ್ಣನ ಮೇಲಿನ ಅಕ್ಕರೆಯಿಂದಲೇ ಅಂದಳು. ಆ ಕಡೆಯಿಂದ ಏನಂದರೋ ಕೇಳಿಸಲಿಲ್ಲ. ಫೋನ್ ಇಟ್ಟು, "ಖುಷಿಯಾಯ್ತಂತೆ" ಎಂದಳು.

ಆರನೇ ಶನಿವಾರ ಅವರ ಬೀದಿಯ ಕಡೆ ನನಗೊಂದು ಪಾಠವಿತ್ತು. ಮುಗಿಸಿ ಅವರ ಮನೆಯತ್ತ ನಡೆದೆ. ಕಿಟಕಿ ತೆರೆದಿತ್ತು. ಒಳಗೆ ಉದ್ದನೆಯ ಮೇಜಿನ ಮೇಲೆ ಆರೇಳು ಮೆಷಿನ್‌ಗಳು, ಒಂದಕ್ಕೂ ಒಂದು ಚೂರು ಧೂಳಿಲ್ಲ, ಎಲ್ಲದರ ಹಸಿರು ದೀಪವೂ ಉರಿಯುತ್ತಿತ್ತು. ಭಾವ ಕುರ್ಚಿಯಲ್ಲಿ ಕೂತಿದ್ದರು. ಕ್ಷೌರ ಮಾಡಿಕೊಂಡಿದ್ದರು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಮನೆಯೊಳಗೇ ಕಾಲಿಗೆ ಶೂ. ಬೂದು ಚೀಲ ಬಾಗಿಲ ಪಕ್ಕದಲ್ಲಿತ್ತು. ಎದುರಿಗೆ ಫೋನ್ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತಾಗಿತ್ತು.

ಬಾಗಿಲು ತಟ್ಟಿದೆ. ನನ್ನನ್ನು ಕಂಡದ್ದೇ ತಡ ಅವರ ಕೈ ಚೀಲಕ್ಕೆ ಹೋಯಿತು. "ಏನ್ ಕೆಟ್ತು ಮೇಷ್ಟ್ರೇ?"

"ಏನೂ ಕೆಟ್ಟಿಲ್ಲ ಭಾವ. ಈ ಕಡೆ ಬಂದಿದ್ದೆ. ಬನ್ನಿ, ಮನೇಲಿ ಊಟ ಮಾಡ್ಕೊಂಡು ಬರೋರಂತೆ."

ಕೈ ಚೀಲವನ್ನು ಬಿಟ್ಟಿತು. "ಇಲ್ಲ, ನನಗೆ ಸ್ವಲ್ಪ ಕೆಲಸ ಇದೆ" ಎಂದರು. ಕೋಣೆಯಲ್ಲಿ ಮಾಡುವಂಥ ಕೆಲಸ ಯಾವುದೂ ಇರಲಿಲ್ಲ. "ಎಲ್ಲ ಸರಿಯಾಗಿ ನಡೀತಿದೆಯಂತಲ್ಲ. ಒಳ್ಳೇದಾಯ್ತು. ಮನೆ ಮೆಷಿನ್ ಅಂದ್ರೆ ಹಾಗೇ ಇರ್ಬೇಕು." ನನ್ನ ಮುಖ ನೋಡದೆ ಹೇಳಿದರು. ಅವರಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಆಗ ಗೊತ್ತಾಯಿತು. ತಾವು ಬರೆದ ಪಟ್ಟಿ ತಾನಾಗಿ ಅಳಿಸಿಹೋಗುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದಿರುತ್ತದೆ?

ವಾಪಸ್ ನಡೆಯುತ್ತಾ ಯೋಚಿಸಿದೆ. ಒಡಹುಟ್ಟಿದ ತಂಗಿಯ ಮನೆಗೆ ಬರಲು ಮನುಷ್ಯನಿಗೆ ಇಷ್ಟೆಲ್ಲ ಉಪಾಯ ಯಾಕೆ? ಮೂಲೆಯಂಗಡಿ ದಾಟುವಷ್ಟರಲ್ಲಿ ಉತ್ತರ ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು. ಆರು ವರ್ಷದ ಹಿಂದೆ, ಒಂದು ಸಂಜೆ ಅವರು ಹಣ್ಣಿನ ಚೀಲ ಹಿಡಿದು ಸುಮ್ಮನೆ ಬಂದಿದ್ದರು. ಅದೇ ವಾರದಲ್ಲಿ ಅದು ಮೂರನೇ ಸಲವೋ ಏನೋ. ನಾನು ಸ್ಕೂಲಿನಲ್ಲಿ ಯಾರ ಜೊತೆಯೋ ಜಗಳವಾಡಿಕೊಂಡು ಬಂದಿದ್ದೆ. ಬಾಗಿಲು ತೆಗೆದವನೇ, "ಏನ್ ಭಾವ, ಮತ್ತೆ ಬಂದ್ರಾ? ಇವತ್ತು ಯಾವ ಮೆಷಿನ್ ಕೆಟ್ಟಿದೆ ಅಂತ?" ಎಂದುಬಿಟ್ಟೆ. ಅವರೂ ನಕ್ಕರು, ನಾನೂ ನಕ್ಕೆ. ತಮಾಷೆಗೆ ಅಂದದ್ದು ಎಂದು ನಾನು ಅವತ್ತೇ ಮರೆತೆ. ಅವರು ಮಾತ್ರ ಆಮೇಲೆ ಒಂದು ದಿನವೂ ಸುಮ್ಮನೆ ಬರಲಿಲ್ಲ.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಇಂಟರ್ನೆಟ್ ಕಂಪನಿಯ ಆ ಹೆಂಗಸಿಗೆ ಫೋನ್ ಮಾಡಿ, ಅಳಿಸಿದ ಪಟ್ಟಿಯನ್ನು ಮತ್ತೆ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಅವಳು ನಕ್ಕು, "ಸರ್, ನಾವಿರೋದು ಕೆಟ್ಟಿದ್ದನ್ನ ಸರಿ ಮಾಡೋಕೆ" ಎಂದಳು. ಭಾನುವಾರವೆಲ್ಲ ಆ ಪೆಟ್ಟಿಗೆಯ ಮುಂದೆ ನಾನೇ ಕೂತೆ. ಏನೋ ಒತ್ತಿದೆ, ಏನೋ ಬರೆದೆ. ದರಿದ್ರದ್ದು ಏನು ಮಾಡಿದರೂ ಕೆಡಲಿಲ್ಲ, ಅಷ್ಟು ಗಟ್ಟಿಯಾಗಿ ಕಟ್ಟಿದ್ದರು. ಅದನ್ನು ಕೆಡಿಸಲು ಗೊತ್ತಿದ್ದದ್ದು ಒಬ್ಬರಿಗೇ.

ಮುಂದಿನ ಶನಿವಾರ ಹೆಂಡತಿ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದಳು. ಮೂರು ಗಂಟೆ ಐದು ನಿಮಿಷಕ್ಕೆ ಫೋನ್ ಹಚ್ಚಿದೆ. ಮೊದಲನೇ ರಿಂಗಿಗೇ ಎತ್ತಿದರು.

"ಭಾವ, ಒಂದು ತೊಂದರೆ ಆಗಿದೆ."

"ಏನು?"

"ಶನಿವಾರ ಮೂರು ಗಂಟೆಗೆ ನಮ್ಮನೇಲಿ ಏನಾದ್ರೂ ನಿಲ್ಲುತ್ತಿತ್ತಲ್ಲ. ಈಗ ನಿಲ್ತಾನೇ ಇಲ್ಲ. ನನ್ನ ಕೈಲಿ ಸರಿ ಮಾಡೋಕೆ ಆಗ್ತಿಲ್ಲ."

ಆ ಕಡೆ ಕುರ್ಚಿ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ತಂಗಿಗೆ ಗೊತ್ತಾ?"

"ಇಲ್ಲ ಭಾವ. ಹೇಳೋದೂ ಇಲ್ಲ."

ಮೂಗು ಒರೆಸಿಕೊಂಡ ಸದ್ದು ಬಂತು. "ಎಷ್ಟು ದಿನ ಆಯ್ತು ಹೀಗಾಗಿ?"

"ಏಳು ವಾರ."

"ಏಳು ವಾರ" ಎಂದರು ಭಾವ. "ಇಷ್ಟು ದಿನ ಬಿಡ್ತಾರಾ ಮೇಷ್ಟ್ರೇ? ಮೊದಲೇ ಒಂದು ಫೋನ್ ಮಾಡಬಾರದಿತ್ತಾ?"

ಬೇಗ ಬನ್ನಿ ಎಂದಷ್ಟೇ ಹೇಳಿ, ಚಹಾಕ್ಕೆ ನೀರಿಟ್ಟೆ.