ಕೈಗುಣ ಹುಡುಕಿಕೊಂಡು

ತೊಂಬತ್ತರ ದಶಕದ ಕೊನೆ. ಮಗನಿಗೆ ಕಿವಿ ಸೋರಿದರೆ ಒಬ್ಬ ಡಾಕ್ಟರು, ನ್ಯುಮೋನಿಯಾ ಆದರೆ ಇನ್ನೊಬ್ಬರು. ಭದ್ರಾವತಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಔಷಧಿಗಿಂತ ಹೆಚ್ಚು ನಂಬಿಕೆ ಕೈಗುಣದ ಮೇಲೆ. ವಾಸಿಯಾದದ್ದು ಮತ್ತೆ ಬಂತೆಂದರೆ ಆ ಡಾಕ್ಟರ ಕೈಗುಣ ಸರಿಯಿಲ್ಲ, ಮುಗಿಯಿತು. “ಅವರನ್ನ ಬಿಡು ಮಾರಾಯ್ತಿ, ಇವರಿಗೆ ತೋರ್ಸು” ಎಂದು ಪಕ್ಕದ ಮನೆಯಾಕೆ ಪ್ರತಿ ಸಲ ಹೊಸ ಡಾಕ್ಟರ ವಿಳಾಸ ಕೊಡುತ್ತಿದ್ದಳು. ಹೀಗಾಗಿ ಒಬ್ಬೊಬ್ಬರೂ ಒಂದೊಂದೇ ಕಾಯಿಲೆ ನೋಡಿದರು. ನಾನಂತೂ ಹೆದರುವುದನ್ನೂ ಬಿಟ್ಟಿದ್ದೆ. ಜ್ವರ ಬಂತೆಂದರೆ ಚೀಲಕ್ಕೆ ಫ್ಲಾಸ್ಕು, ಟವೆಲ್ಲು ತುಂಬಿಕೊಂಡು ಬಸ್ಸು ಹತ್ತುವುದು, ಅಷ್ಟೇ.

ಮಗನಿಗೆ ಎರಡು ವರ್ಷ ತುಂಬಿದ ಮೇಲೆ ಶಿವಮೊಗ್ಗದ ವಿನೋಬನಗರದಲ್ಲಿದ್ದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನನ್ನಮ್ಮನೂ ಜೊತೆಗಿದ್ದಳು. ಡಾಕ್ಟರು ಟಾರ್ಚು ಬಿಟ್ಟು ಮಗುವಿನ ಗಂಟಲು ನೋಡಿ, ಮತ್ತೆ ನೋಡಿ, “ಟಾನ್ಸಿಲ್ಸ್ ಕಾಣ್ತಾನೇ ಇಲ್ವಲ್ಲ” ಎಂದರು. ನಮಗೆ ಅದು ಒಳ್ಳೆಯ ಸುದ್ದಿಯ ಹಾಗೆ ಕೇಳಿಸಿತು. ಬಂದ ಕಾಯಿಲೆಗಳನ್ನೆಲ್ಲ ಮೊದಲಿನಿಂದ ಹೇಳಿಸಿದರು. ಆಮೇಲೆ ನನ್ನನ್ನು ಕೇಳಿದರು, “ನಿಮ್ಮ ತವರಲ್ಲಿ ಗಂಡುಮಕ್ಕಳು ಯಾರಾದ್ರೂ ಸಣ್ಣವರಿದ್ದಾಗ್ಲೇ ತೀರ್ಕೊಂಡಿದ್ರಾ?”

ಇಲ್ಲ ಎಂದೆ. ನಾನು ಒಬ್ಬಳೇ ಮಗಳೆಂದು ತಿಳಿದೇ ಬೆಳೆದವಳು.

“ಇಬ್ರು ಹೋದ್ರು,” ಎಂದಳು ಅಮ್ಮ. “ಇವ್ಳು ಹುಟ್ಟೋಕೆ ಮುಂಚೆ. ಹಿಂಗೇ ಕಿವಿ ಸೋರೋದು, ಕೆಮ್ಮು, ಜ್ವರ. ಬಾಲಗ್ರಹ ಅಂದ್ರು.”

ಹೋದ ಮಕ್ಕಳ ಸುದ್ದಿ ಎತ್ತಿದರೆ ಉಳಿದವರಿಗೆ ಆಗಿಬರುವುದಿಲ್ಲವೆಂದು ನಮ್ಮ ಮನೆಯಲ್ಲಿ ಆ ಮಾತನ್ನೇ ಆಡುತ್ತಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಗುವಿನ ಅಂಗಿಗೆ ಗುಂಡಿ ಹಾಕುತ್ತ ಕೂತೆ.

ರಕ್ತಪರೀಕ್ಷೆ ಬೆಂಗಳೂರಿನಲ್ಲಾಯಿತು. ಸೋಂಕನ್ನು ತಡೆಯುವ ಅಂಶವೇ ಇವನ ಮೈಯಲ್ಲಿ ತಯಾರಾಗುವುದಿಲ್ಲ, ಟಾನ್ಸಿಲ್ಸ್ ಬೆಳೆಯದಿದ್ದುದೂ ಅದಕ್ಕೇ, ತಾಯಿಯಿಂದ ಗಂಡುಮಕ್ಕಳಿಗೆ ಬರುವ ಕೊರತೆ ಇದು ಎಂದರು ಡಾಕ್ಟರು. ಆ ಅಂಶವನ್ನು ತಿಂಗಳು ತಿಂಗಳು ಡ್ರಿಪ್ಪಿನಲ್ಲಿ ಕೊಡಬೇಕು, ಜೀವನಪೂರ್ತಿ. ಕೊಟ್ಟರೆ ಬದುಕುತ್ತಾನೆ. ಆ ಮಾತೂ ನನ್ನೊಳಗೆ ಇಳಿಯಲಿಲ್ಲ, ಸುಮ್ಮನೆ ತಲೆಯಾಡಿಸಿದೆ.

ಮೊದಲ ಡ್ರಿಪ್ಪು ಹಾಕಿದ ದಿನ ಅಮ್ಮ ಮಂಚದ ಪಕ್ಕದಿಂದ ಕದಲಲಿಲ್ಲ. ಬಾಟಲಿಯನ್ನೇ ನೋಡುತ್ತ ಕೇಳಿದಳು, “ಆವಾಗ್ಲೂ ಇದು ಇತ್ತಾ, ಡಾಕ್ಟ್ರೇ?”

“ನಮ್ ಕಡೆ ಇರ್ಲಿಲ್ಲಮ್ಮ,” ಎಂದರು ಅವರು.

ಅಮ್ಮ ಸ್ಟೂಲಿನ ಮೇಲೆ ಕೂತಳು. ನಾನು ಅದುವರೆಗೆ ಕೇಳಿಯೇ ಇರದ ಎರಡು ಹೆಸರು ಹಿಡಿದು ಕರೆಯುತ್ತ ಅಳತೊಡಗಿದಳು.