ಸರೋಜಮ್ಮನಿಲ್ಲದ ಲೈನು

ಮುಳಬಾಗಿಲು ಬಸ್ ನಿಲ್ದಾಣದಲ್ಲಿ ತಳ್ಳುಗಾಡಿಯವನೊಬ್ಬ ತೋತಾಪುರಿ ಹೆಚ್ಚಿ ಖಾರ ಉದುರಿಸುತ್ತಿದ್ದ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನೆದೆ ಧಸಕ್ಕೆಂದಿತು. ಮಾವಿನ ವಾಸನೆಗೆ ಬೆಚ್ಚಿಬೀಳುವವರನ್ನು ನೀವು ಕಂಡಿರಲಾರಿರಿ, ನಾನಿದ್ದೇನೆ.

ಹಿಂದೊಮ್ಮೆ ಶ್ರೀನಿವಾಸಪುರದ ಹತ್ತಿರ ಮಾವಿನ ರಸದ ಕಾರ್ಖಾನೆಯೊಂದಕ್ಕೆ ಸಿಮ್ಯುಲೇಶನ್ ಮಾಡಿಕೊಡಲು ಹೋಗಿದ್ದೆ. ಅಂದರೆ, ಇಡೀ ಕಾರ್ಖಾನೆಯನ್ನು ಕಂಪ್ಯೂಟರಿನಲ್ಲಿ ಆಟಿಕೆಯಂತೆ ಓಡಿಸಿ, ಯಾವ ಲೋಡು ಹಣ್ಣನ್ನು ಯಾವಾಗ ಯಂತ್ರಗಳ ಸಾಲಿಗೆ, ಅವರು ‘ಲೈನು’ ಎನ್ನುತ್ತಿದ್ದುದಕ್ಕೆ, ಬಿಡಬೇಕೆಂದು ಮೊದಲೇ ನೋಡಿಕೊಳ್ಳುವುದು. ಹಣ್ಣು, ಯಂತ್ರ, ಮನುಷ್ಯರು ಎಲ್ಲವೂ ಪರದೆಯ ಮೇಲೆ ಬಣ್ಣದ ಚುಕ್ಕೆಗಳು. ಎಲ್ಲವನ್ನೂ ಅನುಮಾನಿಸಲು ವಿಶ್ವವಿದ್ಯಾಲಯದಲ್ಲಿ ಕಲಿತುಬಂದ ನಾನು ಆ ಚುಕ್ಕೆಗಳನ್ನು ಮಾತ್ರ ನಂಬುತ್ತಿದ್ದೆ.

ಹಣ್ಣು ಆರಿಸುವ ಮೇಜನ್ನು ನೋಡಿಕೊಳ್ಳುತ್ತಿದ್ದವರು ಸರೋಜಮ್ಮ. ಹಸಿರು ಸೀರೆಯಲ್ಲಿದ್ದರೆಂದು ನೆನಪು. ಆದರೆ ಅಲ್ಲಿ ಎಲ್ಲರಿಗೂ ನೀಲಿ ಕೋಟು ಕಡ್ಡಾಯವಿತ್ತಲ್ಲ? ನನ್ನ ನೆನಪೇ ಅವರಿಗೆ ಸೀರೆ ಉಡಿಸಿತೋ ಏನೋ. ಅವರ ಮಗಳು ರಾಯಲ್ಪಾಡಿನ ಗಂಡನ ಮನೆಯಲ್ಲಿ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ತಾಯಿಯೇ ಹೋಗಿ ಮಡಿಲು ತುಂಬಿ ಕರೆತರಬೇಕು. ರಜೆ ಕೇಳಿದಾಗಲೆಲ್ಲ ಮ್ಯಾನೇಜರರದು ಒಂದೇ ಮಾತು: “ನೀನಿಲ್ದಿದ್ರೆ ಲೈನ್ ನಿಂತೋಗುತ್ತೆ ಸರೋಜಮ್ಮ. ಹಂಗಾಮು ಮುಗೀಲಿ.”

ನಾನು ಎಲ್ಲರಿಗೂ ಪರದೆ ತೋರಿಸಿದ ದಿನ ಸರೋಜಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಇದ್ರಲ್ಲಿ ನಾನೆಲ್ಲಿದೀನಿ ಸಾಮಿ?”

ತೋರಿಸಿದೆ.

“ಅಯ್ಯೋ ದೇವುಡಾ, ಸಾಸಿವೆಕಾಳು ಮಾಡ್ಬಿಟ್ಟಿದೀಯಲ್ಲಪ್ಪ! ಸರಿ, ನನ್ನ ತೆಗೆದು ಓಡ್ಸು.”

ಎಲ್ಲರೂ ನಕ್ಕರು, ಮ್ಯಾನೇಜರರೂ. ತೆಗೆದು ಓಡಿಸಿದೆ. ತುಂಬಿದ ಡಬ್ಬಗಳ ಲೆಕ್ಕ ಒಂದಿಷ್ಟೂ ಇಳಿಯಲಿಲ್ಲ. ತಡವಾಗುತ್ತಿದ್ದದ್ದು ರಸ ಕಾಯಿಸುವ ಯಂತ್ರದಲ್ಲಿ. ಮೇಜಿನ ಉಳಿದವರು ಆರಿಸಿದ ಹಣ್ಣೇ ಅದಕ್ಕಾಗಿ ರಾಶಿ ಬಿದ್ದು ಕಾಯುತ್ತಿತ್ತು.

ನೀವು ಬೇಕಾಗಿಲ್ಲ ಎಂದು ಒಬ್ಬರಿಗೆ ಮುಖದೆದುರೇ ತೋರಿಸಿಬಿಟ್ಟಿದ್ದೆ. ಅವರು ಅತ್ತರೆ ಏನು ಹೇಳಲಿ?

ಸರೋಜಮ್ಮ ಮ್ಯಾನೇಜರರತ್ತ ತಿರುಗಿದರು. “ಲೈನ್ ನಿಲ್ಲಲೇ ಇಲ್ವಲ್ಲ ಸಾರ್! ಹಂಗಾದ್ರೆ ನಾನಿನ್ನು ಬರ್ತೀನಿ.”

ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, ರಾಯಲ್ಪಾಡಿನ ಬಸ್ಸಿಗೆ ಹೊರಟೇಹೋದರು. ಹಸಿರು ಸೀರೆ ಕಂಡದ್ದು ಆಗಲೇ ಇರಬೇಕು.

ಇಷ್ಟು ವರ್ಷ ಅದನ್ನು ಸರೋಜಮ್ಮನ ಕಥೆಯೆಂದೇ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ನಾಳೆ ಕೋಲಾರದಲ್ಲಿ ನನ್ನಕ್ಕನ ಕಣ್ಣಿನ ಆಪರೇಷನ್. ‘ನೀವಿಲ್ಲದೆ ಇಲ್ಲಿ ಏನೂ ನಡೆಯಲ್ಲ’ ಎಂದು ಆಫೀಸಿನಲ್ಲಿ ರಜೆ ಕೊಡಲಿಲ್ಲ. ಆ ಮಾತಿಗೆ ಉಬ್ಬಿಹೋಗಿ, ಬರಲಾಗದೆಂದು ಅಕ್ಕನಿಗೆ ಹೇಳಿಯೂ ಆಗಿತ್ತು.

ಗಾಡಿಯ ಪಕ್ಕ ನಿಂತೇ ಫೋನು ಮಾಡಿದೆ. “ಅಕ್ಕಾ, ಬರ್ತೀನಿ.”

“ರಜಾ ಕೊಟ್ರೇನೋ?”

“ಇಲ್ಲಕ್ಕ.”

“ಮತ್ತೆ? ನೀನಿಲ್ದೆ ಅಲ್ಲಿ ನಡೆಯೋದೇ ಇಲ್ಲ ಅಂದೆ?”

“ನಡೆಯುತ್ತೆ” ಎಂದು ಕೋಲಾರದ ಬಸ್ಸಿನತ್ತ ನಡೆದೆ.