ಮಾತು ನಿಲ್ಲಿಸಿದ ಕಂಪ್ಯೂಟರ್

ಕಾಕ್ಸ್ ಟೌನಿನಲ್ಲಿ ಕಣ್ಣು ಕಾಣದ ಟೀಚರೊಬ್ಬರಿದ್ದರು. ಅವರ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಕೂರಿಸಿದ್ದು ನಾನೇ. ಒಂದು ಭಾನುವಾರ, "ತಂಗಿ ಕಳಿಸಿರೋ ಎಂಪಿತ್ರೀ ಹಾಡುಗಳು ಬರ್ತಿಲ್ಲ, ನೋಡ್ತೀರಾ" ಅಂದರು.

ಅದಕ್ಕೆ ಬೇಕಾದ ತಂತ್ರಾಂಶ ಲಿನಕ್ಸ್‌ನ ಸ್ವಂತ ಆನ್‌ಲೈನ್ ಭಂಡಾರದಲ್ಲಿರಲಿಲ್ಲ. ಹೊರಗಿನವರು ನಡೆಸುವ ಎರಡು ಭಂಡಾರಗಳನ್ನು ಒಟ್ಟಿಗೇ ಕಂಪ್ಯೂಟರಿಗೆ ಸೇರಿಸಿಬಿಟ್ಟೆ. ಹಳೆಯದನ್ನು ಕಿತ್ತು ಹೊಸದು ಹಾಕಲೇ ಎಂದು ಕಂಪ್ಯೂಟರ್ ಕೇಳಿತು. ಏನೇನು ಕೀಳುತ್ತದೆ ಅಂತ ನೋಡದೆ 'ಹೌದು' ಒತ್ತಿದೆ.

ಹಾಡೇನೋ ಬಂತು. ಆದರೆ ಎರಡು ಕಡೆಯ ಸರಕು ಒಂದಕ್ಕೊಂದು ಹೊಂದದೆ, ಓದುವ ದನಿ ನಿಂತೇಹೋಯಿತು. ಟೀಚರ್ ಕೀಲಿಗಳನ್ನು ಒತ್ತುತ್ತಲೇ ಇದ್ದರು.

"ಆಫ್ ಆಯ್ತೇನ್ರೀ?"

"ಇಲ್ಲ ಮೇಡಂ, ಆನ್ ಇದೆ."

"ಮತ್ತೆ ಯಾಕೆ ಮಾತಾಡ್ತಿಲ್ಲ? ನಾಳೆ ಪಾಠದ ನೋಟ್ಸೆಲ್ಲ ಅದರಲ್ಲೇ ಇದೆ."

ಎಲ್ಲ ಅಳಿಸಿ ಮತ್ತೆ ಹಾಕಬೇಕಿತ್ತು. ಅದು ಅವತ್ತೇ ಮುಗಿಯುವ ಕೆಲಸವಲ್ಲ. ಕೊನೆಗೆ ಪಕ್ಕದಲ್ಲಿ ಕೂತು ನಾನೇ ನೋಟ್ಸ್ ಓದಿದೆ, ಅವರು ಬ್ರೈಲಿನಲ್ಲಿ ಚುಚ್ಚಿಕೊಂಡರು. ಅವರಿಗೆ ನನ್ನ ಮುಖ ಕಾಣದಿದ್ದದ್ದು ಪುಣ್ಯ ಅಂದುಕೊಳ್ಳುತ್ತಿದ್ದೆ.

"ತಲೆ ತಗ್ಗಿಸಿ ಓದ್ಬೇಡ್ರಿ," ಅಂದರು ಟೀಚರ್. "ದನಿಯೆಲ್ಲ ನೆಲಕ್ಕೇ ಹೋಗ್ತಿದೆ."